ಸಂಡೂರಿನ ಕೆಂಪು ಧೂಳಿನಲ್ಲಿ ಓಡುವ ಬೈಕಿಗೆ ಏರ್ ಬಾಕ್ಸ್ ತೆಗೆದು ಪಾಡ್ ಫಿಲ್ಟರ್ ಹಾಕಬಹುದೇ?

ಬಳ್ಳಾರಿ ಸವಾರ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2012ರ ಹೀರೋ ಇಂಪಲ್ಸ್ ಬೈಕ್ ಇದೆ. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಹೊಗೆ ಬರುವುದಿಲ್ಲ, ಆಯಿಲ್ ಕಡಿಮೆಯಾಗುವುದಿಲ್ಲ. ಚೈನ್ ಸೆಟ್ ಮತ್ತು ಕ್ಲಚ್ ಪ್ಲೇಟುಗಳನ್ನು ಇತ್ತೀಚೆಗೆ ಬದಲಾಯಿಸಿದ್ದೇನೆ. ವಾರದ ದಿನಗಳಲ್ಲಿ ಬಳ್ಳಾರಿಯಿಂದ ತೋರಣಗಲ್ಲಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ರಜೆ ಸಿಕ್ಕಾಗ ಸಂಡೂರಿನ ಕಡೆಯ ಬಂಡಿದಾರಿಗಳಲ್ಲಿ, ಕಲ್ಲು ತುಂಬಿದ ಏರುಗಳಲ್ಲಿ ಓಡಿಸುತ್ತೇನೆ. ಆ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಹೋದವರಿಗೆ ಧೂಳು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಪ್ರಶ್ನೆ ಇಷ್ಟು. ಎರಡನೆಯ ಗೇರಿನಲ್ಲಿ ಉದ್ದನೆಯ ಏರು ಹತ್ತುವಾಗ ಎಕ್ಸಲರೇಟರ್ ಪೂರ್ತಿ ತಿರುಗಿಸಿದರೂ ಇನ್ನಷ್ಟು ಎಳೆತ ಇದ್ದರೆ ಚೆನ್ನಾಗಿತ್ತು ಎನಿಸುತ್ತದೆ. ಕಂಪನಿಯ ಏರ್ ಬಾಕ್ಸನ್ನು (ಗಾಳಿಯ ಫಿಲ್ಟರ್ ಇರುವ ಡಬ್ಬಿ) ಸಂಪೂರ್ಣವಾಗಿ ತೆಗೆದು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಬಾಯಿಗೆ ನೇರವಾಗಿ ಕೋನ್ ಆಕಾರದ ಪಾಡ್ ಫಿಲ್ಟರ್ ಕೂರಿಸಿದರೆ ಪಿಕಪ್ ಹೆಚ್ಚುತ್ತದೆ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಇನ್ನೊಬ್ಬರು ಬಾಕ್ಸ್ ಇರಲಿ, ಅದರ ಬಾಯಲ್ಲಿರುವ ರಬ್ಬರ್ ಕೊಳವೆಯನ್ನು ಮಾತ್ರ ತೆಗೆದರೆ ಸಾಕು ಎನ್ನುತ್ತಾರೆ. ಇವೆರಡರಲ್ಲಿ ಯಾವುದು ಒಳ್ಳೆಯದು? ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ತುಣುಕು) ಬದಲಿಸುವುದು ಅನಿವಾರ್ಯವೇ? ಮಳೆಗಾಲದಲ್ಲಿ ಹಳ್ಳ ದಾಟುವಾಗ ತೊಂದರೆಯಾಗುತ್ತದೆಯೇ? ಈ ಬೈಕನ್ನು ಇನ್ನೂ ಬಹಳ ವರ್ಷ ಇಟ್ಟುಕೊಳ್ಳುವ ಆಸೆ ನನಗಿದೆ; ಬಿಡಿಭಾಗಗಳು ಸಿಗುವುದೇ ಕಷ್ಟವಾಗಿರುವಾಗ ಎಂಜಿನ್ ಹಾಳಾಗುವ ಯಾವ ಕೆಲಸಕ್ಕೂ ಕೈಹಾಕಲು ಮನಸ್ಸಿಲ್ಲ. ತಿಳಿದವರು ವಿವರವಾಗಿ ಬರೆಯಬೇಕೆಂದು ವಿನಂತಿ.

ಕೊಪ್ಪಳ ಮಿಸ್ತ್ರಿ:

ನಮಸ್ಕಾರ ಸರ್. ನೀವು ಓಡಿಸುವ ಜಾಗವನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಈ ಪ್ರಶ್ನೆಗೆ ಉತ್ತರ ಬೈಕಿಗಿಂತ ಹೆಚ್ಚಾಗಿ ಜಾಗವನ್ನು ಅವಲಂಬಿಸಿದೆ. ನನ್ನ ಅಭಿಪ್ರಾಯವನ್ನು ಮೊದಲಿಗೇ ತಿಳಿಸುತ್ತೇನೆ: ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳ ಧೂಳಿನಲ್ಲಿ ನಿತ್ಯ ಓಡುವ ಬೈಕಿನ ಏರ್ ಬಾಕ್ಸನ್ನು ತೆಗೆಯಬಾರದು. ಬಾಕ್ಸನ್ನು ಉಳಿಸಿಕೊಂಡು, ಅದರ ಸೀಲನ್ನು ಸರಿಪಡಿಸಿ, ಒಳಗಿನ ಫಿಲ್ಟರನ್ನು ಉತ್ತಮಗೊಳಿಸಿ, ಆಮೇಲೂ ಸಾಲದೆನಿಸಿದರೆ ಅದರ ಬಾಯಿಯನ್ನು ಸ್ವಲ್ಪ ದೊಡ್ಡದು ಮಾಡಬಹುದು. ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ನಿಮ್ಮ ಎಂಜಿನ್ 149.2 ಸಿಸಿಯದು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 7,500 ಸುತ್ತು ತಿರುಗುವಾಗ ಸಿಲಿಂಡರು ಪ್ರತಿ ಬಾರಿಯೂ ಶೇ 80ರಷ್ಟು ತುಂಬುತ್ತದೆ ಎಂದಿಟ್ಟುಕೊಂಡರೂ, ಒಂದೇ ನಿಮಿಷದಲ್ಲಿ ಸುಮಾರು 450 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಅಷ್ಟು ಗಾಳಿಯೊಂದಿಗೆ ಬರುವ ಧೂಳನ್ನು ತಡೆಯುವುದು ಆ ಒಂದು ಫಿಲ್ಟರ್ ಮಾತ್ರ. ಸಂಡೂರಿನ ಕೆಂಪು ಧೂಳು ಹೆಮಟೈಟ್ ಅದಿರಿನದು, ಅದರ ಗಡಸುತನ ಮೋಸ್ ಮಾಪಕದಲ್ಲಿ 5.5ರಿಂದ 6.5. ಕೊಪ್ಪಳ, ರಾಯಚೂರು ಕಡೆಯ ಬೆಣಚುಕಲ್ಲಿನ ಪುಡಿಯಾದರೆ 7ರಷ್ಟು ಗಡಸು. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಸಂದು ಮಿಲಿಮೀಟರಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿ ಅಳೆಯುವಂಥದ್ದು. ಕಣ್ಣಿಗೆ ಕಾಣುವ ದೊಡ್ಡ ಕಣಗಳನ್ನು ಯಾವ ಫಿಲ್ಟರಾದರೂ ತಡೆಯುತ್ತದೆ. ಆ ಸಂದಿನೊಳಗೆ ಸರಿಯಾಗಿ ತೂರಿಕೊಳ್ಳುವಷ್ಟು ಸಣ್ಣ ಕಣಗಳೇ ರಿಂಗನ್ನೂ ಬೋರನ್ನೂ ಉಜ್ಜಿ ತಿನ್ನುತ್ತವೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಪಾಡ್ ಫಿಲ್ಟರುಗಳ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ಚುಕ್ಕೆ ಚುಕ್ಕೆಯಾಗಿ ಹೊರಬರುತ್ತಿದ್ದರೆ ಅಂಥದ್ದನ್ನು ನಮ್ಮ ಧೂಳಿನಲ್ಲಿ ಬಳಸಲೇಬಾರದು.

ಏರ್ ಬಾಕ್ಸ್ ಎಂದರೆ ಫಿಲ್ಟರ್ ಇಡುವ ಡಬ್ಬಿ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದರ ನಿಜವಾದ ಕೆಲಸ ಬೇರೆಯೇ ಇದೆ. ಎಂಜಿನ್ ಗಾಳಿಯನ್ನು ಒಂದೇ ಸಮನೆ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಪ್ರತಿ ಗುಟುಕಿಗೂ ಬೇಕಾದ ಗಾಳಿ ಬಾಕ್ಸಿನೊಳಗೆ ಅಲುಗಾಡದೆ ಸಿದ್ಧವಾಗಿ ನಿಂತಿರುತ್ತದೆ. ಬಾಕ್ಸಿನಿಂದ ಕಾರ್ಬೊರೇಟರಿಗೆ ಬರುವ ರಬ್ಬರ್ ಬೂಟಿನ ಉದ್ದ ಮತ್ತು ಅಗಲಗಳನ್ನು ಕಡಿಮೆ ಹಾಗೂ ಮಧ್ಯಮ ವೇಗದ ಎಳೆತಕ್ಕೆ ಹೊಂದುವಂತೆ ಲೆಕ್ಕಹಾಕಿ ಮಾಡಿರುತ್ತಾರೆ. ಅದನ್ನು ಕಿತ್ತು ಪಾಡ್ ಹಾಕಿದರೆ ಸಾಮಾನ್ಯವಾಗಿ ಮೇಲಿನ ಆರ್‌ಪಿಎಮ್‌ನಲ್ಲಿ ಸ್ವಲ್ಪ ಸಿಗುತ್ತದೆ, ಕೆಳಗೆ ಕಳೆದುಹೋಗುತ್ತದೆ. ನಿಮಗೆ ಬೇಕಾಗಿರುವುದು ಎರಡನೆಯ ಗೇರಿನಲ್ಲಿ ಏರು ಹತ್ತುವ ಶಕ್ತಿ, ಅಂದರೆ ಕಳೆದುಹೋಗುವ ಭಾಗವೇ. ಶಬ್ದ ಜೋರಾಗುವುದರಿಂದ ಬೈಕು ಚುರುಕಾದಂತೆ ಭಾಸವಾಗುತ್ತದೆ, ಆದರೆ ಗಡಿಯಾರ ಹಿಡಿದು ನೋಡಿದರೆ ಹಾಗಿರುವುದಿಲ್ಲ.

ಶಾಖದ ವಿಷಯವನ್ನೂ ಗಮನಿಸಬೇಕು. ನಮ್ಮಲ್ಲಿ ಬೇಸಿಗೆಯ ಗಾಳಿಯೇ 42 ಡಿಗ್ರಿ ಇರುತ್ತದೆ. ಸೀಟಿನ ಕೆಳಗಿನಿಂದ ಗಾಳಿ ತೆಗೆದುಕೊಳ್ಳುವ ಬಾಕ್ಸಿಗೆ ಬದಲಾಗಿ, ಸಿಲಿಂಡರಿನ ಬೆನ್ನಿಗೇ ಅಂಟಿಕೊಂಡ ಪಾಡ್ ಅಲ್ಲಿನ 65 ಡಿಗ್ರಿಯ ಬಿಸಿ ಗಾಳಿಯನ್ನು ಎಳೆದುಕೊಂಡರೆ, ಗಾಳಿಯ ಸಾಂದ್ರತೆಯಲ್ಲಿಯೇ ಸುಮಾರು ಶೇ 7ರಷ್ಟು ನಷ್ಟವಾಗುತ್ತದೆ. ನಿಧಾನವಾಗಿ ಏರು ಹತ್ತುವಾಗ ಎದುರುಗಾಳಿಯೂ ಇರುವುದಿಲ್ಲವಾದ್ದರಿಂದ ಆ ಬಿಸಿ ಅಲ್ಲೇ ಸುತ್ತಿಕೊಂಡಿರುತ್ತದೆ. ಸುಮಾರು 13 ಕುದುರೆಶಕ್ತಿಯ ಎಂಜಿನ್ನಿನಲ್ಲಿ ಶೇ 7 ಎಂದರೆ ಹತ್ತಿರ ಹತ್ತಿರ ಒಂದು ಕುದುರೆಶಕ್ತಿ.

ಇನ್ನು ಕಾರ್ಬೊರೇಟರ್. ಅದರ ತಲೆಯ ಮೇಲೆ ಅಗಲವಾದ ಚಪ್ಪಟೆ ಮುಚ್ಚಳವಿದ್ದು, ಎಕ್ಸಲರೇಟರ್ ಕೇಬಲ್ ಮೇಲಿನಿಂದ ನೇರವಾಗಿ ಇಳಿಯದೆ ಪಕ್ಕದಲ್ಲಿ ತಿರುಗುವ ಚಕ್ರಕ್ಕೆ ಕೂಡಿಕೊಂಡಿದ್ದರೆ ಅದು ಸಿವಿ ಮಾದರಿಯದು. ಇದರಲ್ಲಿ ಗಾಳಿಯ ದಾರಿಯನ್ನು ತೆರೆಯುವ ಸ್ಲೈಡನ್ನು ಎತ್ತುವುದು ನಿಮ್ಮ ಕೈಯಲ್ಲ, ರಬ್ಬರ್ ಡಯಾಫ್ರಾಮಿನ ಮೇಲೆ ಮತ್ತು ಕೆಳಗೆ ಇರುವ ಗಾಳಿಯ ಒತ್ತಡದ ವ್ಯತ್ಯಾಸ. ಕೆಳಗಿನ ಒತ್ತಡ ಬರುವುದು ಕಾರ್ಬೊರೇಟರಿನ ಬಾಯಿಯ ಅಂಚಿನಲ್ಲಿರುವ ಸಣ್ಣ ರಂಧ್ರಗಳಿಂದ. ಪಾಡ್ ಫಿಲ್ಟರಿನ ದಪ್ಪ ರಬ್ಬರ್ ತುಟಿ ಎಷ್ಟೋ ಸಲ ಈ ರಂಧ್ರಗಳನ್ನು ಅರ್ಧ ಮುಚ್ಚಿಬಿಡುತ್ತದೆ. ಆಗ ಬೈಕು ಒಂದು ಹಂತದವರೆಗೆ ಚೆನ್ನಾಗಿ ಹೋಗಿ, ಅಲ್ಲಿಂದ ಮುಂದೆ ಮುಕ್ಕರಿಸುತ್ತದೆ. ಜೆಟ್ ಮೇಲೆ ಜೆಟ್ ಬದಲಿಸಿದರೂ ಸರಿಹೋಗುವುದಿಲ್ಲ. ಈ ದೂರಿನೊಂದಿಗೆ ಬರುವ ಬೈಕುಗಳಲ್ಲಿ ನಾನು ಮೊದಲು ಬಿಚ್ಚಿ ನೋಡುವುದೇ ಆ ತುಟಿಯನ್ನು.

ಬಾಕ್ಸ್ ತೆಗೆದಾಗ ಅನಾಥವಾಗುವ ಇನ್ನೆರಡು ಹೋಸುಗಳಿವೆ. ಎಂಜಿನ್ನಿನ ಉಸಿರಾಟದ ಹೋಸ್, ಅಂದರೆ ಬ್ರೀದರ್, ಬಾಕ್ಸಿಗೆ ಸೇರಿರುತ್ತದೆ. ಹೊಗೆ ಕಡಿಮೆ ಮಾಡಲು ಎಗ್ಸಾಸ್ಟಿಗೆ ಗಾಳಿ ಕೊಡುವ ವ್ಯವಸ್ಥೆಯಿರುವ ಬೈಕುಗಳಲ್ಲಿ ಅದರ ಹೋಸೂ ಬಾಕ್ಸಿನ ಶುದ್ಧ ಗಾಳಿಯನ್ನೇ ತೆಗೆದುಕೊಳ್ಳುತ್ತದೆ. ಪಿಸ್ಟನ್ ಮೇಲೆ ಹೋಗುವಾಗ ಬ್ರೀದರ್ ಒಳಕ್ಕೂ ಎಳೆಯುತ್ತದೆ. ಅದರ ತುದಿಯನ್ನು ಹಾಗೆಯೇ ತೂಗಲು ಬಿಟ್ಟರೆ, ಮುಂದೆ ಎಷ್ಟೇ ಒಳ್ಳೆಯ ಫಿಲ್ಟರ್ ಹಾಕಿದ್ದರೂ ಧೂಳು ನೇರವಾಗಿ ಆಯಿಲಿಗೆ ಸೇರುತ್ತದೆ. ಪಾಡ್ ಹಾಕಲೇಬೇಕೆನ್ನುವವರು ಈ ಹೋಸುಗಳಿಗೂ ಸಣ್ಣ ಫಿಲ್ಟರ್ ಹಾಕಲೇಬೇಕು.

ರಾಯಚೂರು ಡರ್ಟ್:

ಮಿಸ್ತ್ರಿಯವರು ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ, ಆದರೆ ಪಾಡ್ ಫಿಲ್ಟರನ್ನು ಪೂರ್ತಿಯಾಗಿ ತಳ್ಳಿಹಾಕುವುದು ಸರಿಯಲ್ಲ ಎಂಬುದು ನನ್ನ ವಾದ. ಡರ್ಟ್ ಟ್ರ್ಯಾಕಿನಲ್ಲಿ ಸ್ಪರ್ಧೆಗೆಂದೇ ಇರುವ ಬೈಕಿನಲ್ಲಿ ಎಂಜಿನ್ ಸದಾ ಮೇಲಿನ ಆರ್‌ಪಿಎಮ್‌ನಲ್ಲಿಯೇ ಇರುತ್ತದೆ, ಪ್ರತಿ ಓಟದ ನಂತರ ಫಿಲ್ಟರ್ ತೊಳೆಯುತ್ತಾರೆ, ಋತು ಮುಗಿದ ಮೇಲೆ ಎಂಜಿನ್ ಬಿಚ್ಚಿ ರಿಂಗ್ ಬದಲಿಸುತ್ತಾರೆ. ಅಲ್ಲಿ ಎಣ್ಣೆ ಹಚ್ಚಿದ ಎರಡು ಪದರದ ಫೋಮಿನ ದೊಡ್ಡ ಪಾಡ್, ಸ್ಲೈಡ್ ಕಾರ್ಬೊರೇಟರ್, ಅದಕ್ಕೆ ತಕ್ಕ ಜೆಟ್ ಮತ್ತು ಸೈಲೆನ್ಸರ್ ಎಲ್ಲವೂ ಒಟ್ಟಾಗಿ ಬಂದಾಗ ಲಾಭವಿರುವುದು ನಿಜ. ಇವುಗಳಲ್ಲಿ ಒಂದನ್ನು ಮಾತ್ರ ಕಿತ್ತುತಂದು ನಿತ್ಯದ ಬೈಕಿಗೆ ಜೋಡಿಸಿದಾಗಲೇ ತೊಂದರೆ ಬರುತ್ತದೆ. ಬಳ್ಳಾರಿಯವರ ಬಳಕೆಗೆ ಅದು ಹೊಂದುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ಇನ್ನೊಂದು ಮುಖ್ಯವಾದ ಮಾತನ್ನು ಸೇರಿಸಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿನ ಒಂದು ಪಾಲು ಸಂಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಎಥನಾಲಿಗೆ ಸುಮಾರು 9 ಪಾಲು ಸಾಕು. ಶೇ 20ರ ಮಿಶ್ರಣಕ್ಕೆ ಅದು ಹೆಚ್ಚುಕಡಿಮೆ 13.5 ಆಗುತ್ತದೆ. 2012ರ ಕಾರ್ಬೊರೇಟರಿಗೆ ಇದು ತಿಳಿಯುವುದಿಲ್ಲ. ಅದರಲ್ಲಿ ಆಮ್ಲಜನಕದ ಸೆನ್ಸರ್ ಇಲ್ಲ, ಹಳೆಯ ಜೆಟ್ಟಿನಿಂದ ಹಳೆಯ ಅಳತೆಯಲ್ಲಿಯೇ ಇಂಧನ ಬರುತ್ತದೆ. ಅಂದರೆ ನೀವು ಏನನ್ನೂ ಮುಟ್ಟದೆ ಇದ್ದರೂ ನಿಮ್ಮ ಬೈಕಿನ ಮಿಶ್ರಣ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇ 7–8ರಷ್ಟು ಲೀನ್ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ) ಆಗಿದೆ. ಪೂರ್ಣ ಎಕ್ಸಲರೇಟರಿನಲ್ಲಿ ಒಳ್ಳೆಯ ಶಕ್ತಿ ಬರಬೇಕಾದರೆ ಮಿಶ್ರಣ ಸ್ವಲ್ಪ ರಿಚ್ (ಇಂಧನ ಹೆಚ್ಚು) ಇರಬೇಕು. ಏರಿನಲ್ಲಿ ಎಳೆತ ಸಾಲದು ಎಂಬ ನಿಮ್ಮ ಅನುಭವಕ್ಕೆ ಗಾಳಿಯ ಕೊರತೆಯ ಬದಲು ಇಂಧನದ ಕೊರತೆಯೇ ಕಾರಣವಾಗಿರುವ ಸಾಧ್ಯತೆಯಿದೆ. ಹಾಗಿದ್ದ ಪಕ್ಷದಲ್ಲಿ ಗಾಳಿಯನ್ನು ಇನ್ನಷ್ಟು ಬಿಟ್ಟರೆ ಪರಿಸ್ಥಿತಿ ಹದಗೆಡುತ್ತದೆ, ಪಿಸ್ಟನ್ನಿನ ತಲೆ ಅತಿಯಾಗಿ ಕಾಯುತ್ತದೆ. ಆದ್ದರಿಂದ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಸರಿ, ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಲೀನ್, ಕಾಡಿಗೆಯಂತೆ ಕಪ್ಪು ಮಸಿ ಹಿಡಿದಿದ್ದರೆ ರಿಚ್.

ಬಳ್ಳಾರಿ ಸವಾರ:

ಇಬ್ಬರಿಗೂ ಧನ್ಯವಾದಗಳು. ಪ್ಲಗ್ ಬಿಚ್ಚಿ ನೋಡಿದೆ. ಪಿಂಗಾಣಿಯ ಭಾಗ ತೀರಾ ಬಿಳಿಯಲ್ಲದಿದ್ದರೂ ಮಾಸಲು ಬಿಳಿ ಎನ್ನಬಹುದಾದ ಬಣ್ಣದಲ್ಲಿದೆ, ಕಂದು ಬಣ್ಣ ಬಹಳ ಕಡಿಮೆ. ಕಾರ್ಬೊರೇಟರ್ ಮಿಸ್ತ್ರಿಯವರು ವಿವರಿಸಿದ ಹಾಗೆಯೇ ಚಪ್ಪಟೆ ಮುಚ್ಚಳದ್ದು. ಪಾಡ್ ಫಿಲ್ಟರಿನ ಯೋಚನೆಯನ್ನು ಬಿಟ್ಟಿದ್ದೇನೆ. ಬಾಕ್ಸಿನ ಸೀಲನ್ನು ಪರೀಕ್ಷಿಸುವುದು ಹೇಗೆ, ಫೋಮ್ ಫಿಲ್ಟರನ್ನು ಕೂರಿಸಿ ನೋಡಿಕೊಳ್ಳುವುದು ಹೇಗೆ, ಬಾಯಿಯನ್ನು ಎಷ್ಟು ದೊಡ್ಡದು ಮಾಡಬಹುದು ಎಂಬುದನ್ನು ದಯವಿಟ್ಟು ತಿಳಿಸಿ. ಈಗಿರುವುದು ಕಾಗದದ ಫಿಲ್ಟರ್. ಅದನ್ನು ಕಂಪ್ರೆಸರ್ ಗಾಳಿಯಿಂದ ಊದಿಸಿ ಬಳಸುತ್ತಿದ್ದೇನೆ.

ಕೊಪ್ಪಳ ಮಿಸ್ತ್ರಿ:

ಕೊನೆಯ ಮಾತಿನಿಂದ ಶುರು ಮಾಡುತ್ತೇನೆ. ನಮ್ಮ ದೇಶದ ಅನೇಕ ಬೈಕುಗಳಲ್ಲಿ ಬರುವ ಕಾಗದದ ಫಿಲ್ಟರಿಗೆ ಕಾರ್ಖಾನೆಯಲ್ಲಿಯೇ ಅಂಟು ಎಣ್ಣೆ ಕುಡಿಸಿರುತ್ತಾರೆ. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ. ಅಂಥದ್ದನ್ನು ಕಂಪ್ರೆಸರಿನಿಂದ ಊದಿಸಬಾರದು, ತೊಳೆಯಲೂಬಾರದು. ಅವಧಿ ಮುಗಿದಾಗ ಬದಲಿಸಬೇಕಷ್ಟೆ. ಒಣ ಕಾಗದದ ಫಿಲ್ಟರಾದರೂ ನೂರು ಪಿಎಸ್‌ಐ ಒತ್ತಡದಲ್ಲಿ ಊದಿದರೆ ಕಾಗದದ ನಾರು ಹಿಗ್ಗಿ ರಂಧ್ರಗಳು ದೊಡ್ಡದಾಗುತ್ತವೆ. ಧೂಳು ಹಾರಿಹೋಗಿ ಫಿಲ್ಟರ್ ಸ್ವಚ್ಛವಾದಂತೆ ಕಾಣುತ್ತದೆ, ಆಮೇಲೆ ಸಣ್ಣ ಧೂಳನ್ನು ಅದು ಹಿಡಿಯುವುದಿಲ್ಲ. ನೀವು ಹೊಸ ಫಿಲ್ಟರ್ ಒಂದನ್ನು ತಂದು ಹಾಕಿ, ಅದೇ ಏರಿನಲ್ಲಿ ಬೈಕು ಹೇಗೆ ಹತ್ತುತ್ತದೆ ನೋಡಿ. ಹೊಸ ಫಿಲ್ಟರಿನಿಂದಲೂ ವ್ಯತ್ಯಾಸ ಕಾಣದಿದ್ದರೆ ಫಿಲ್ಟರ್ ನಿಮ್ಮ ಎಂಜಿನ್ನನ್ನು ಕಟ್ಟಿಹಾಕಿಲ್ಲ ಎಂದು ಅರ್ಥ.

ಸೀಲ್ ಪರೀಕ್ಷೆಗೆ ಖರ್ಚಿಲ್ಲ. ಬಾಕ್ಸ್ ಬಿಚ್ಚಿ, ಫಿಲ್ಟರಿನ ಆಚೆ, ಅಂದರೆ ಕಾರ್ಬೊರೇಟರ್ ಕಡೆಯ ರಬ್ಬರ್ ಬೂಟಿನ ಒಳಗೋಡೆಗೆ ಬಿಳಿ ಗ್ರೀಸನ್ನು ತೆಳುವಾಗಿ ಸವರಿ. ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಅದಿರಿನ ಲಾರಿಗಳ ರಸ್ತೆಯಲ್ಲಿ ಒಂದೆರಡು ದಿನ ಓಡಿಸಿ ಮತ್ತೆ ಬಿಚ್ಚಿ ನೋಡಿ. ಗ್ರೀಸ್ ಬಿಳಿಯಾಗಿಯೇ ಉಳಿದಿದ್ದರೆ ಎಲ್ಲವೂ ಸರಿಯಿದೆ. ಕೆಂಪು ತಿರುಗಿದ್ದರೆ, ಬೆರಳುಗಳ ನಡುವೆ ಉಜ್ಜಿದಾಗ ಮರಳಿನಂತೆ ಕರಕರ ಎಂದರೆ, ಧೂಳು ಎಲ್ಲಿಂದಲೋ ನುಸುಳುತ್ತಿದೆ. ಅಂಥ ಕಡೆ ಮೂರು ಜಾಗಗಳನ್ನು ನೋಡಬೇಕು. ಫಿಲ್ಟರ್ ಕೂರುವ ಅಂಚು, ಬಾಕ್ಸಿನ ಮುಚ್ಚಳದ ರಬ್ಬರ್ ದಾರ, ಬೂಟು ಕಾರ್ಬೊರೇಟರಿಗೆ ಸೇರುವ ಕ್ಲಾಂಪು. ಹತ್ತು ವರ್ಷ ದಾಟಿದ ಬೈಕುಗಳಲ್ಲಿ ಈ ಬೂಟು ಬಿಸಿಲಿಗೆ ಒಣಗಿ, ಮಡಿಕೆಗಳಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಕೈಯಿಂದ ಬಗ್ಗಿಸಿ ಹಿಡಿದಾಗ ಮಾತ್ರ ಅದು ಬಾಯಿ ತೆರೆಯುತ್ತದೆ. ಫೆವಿಕ್ವಿಕ್, ಇನ್ಸುಲೇಷನ್ ಟೇಪುಗಳಿಂದ ಅದನ್ನು ಮುಚ್ಚಿ ಪ್ರಯೋಜನವಿಲ್ಲ, ಬೂಟನ್ನೇ ಬದಲಿಸಬೇಕು. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಮ್ಯಾನಿಫೋಲ್ಡನ್ನೂ ಬಿಡಬೇಡಿ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಅದರ ಸುತ್ತ ಕಾರ್ಬ್ ಕ್ಲೀನರ್ ಸ್ಪ್ರೇಯನ್ನು ಚೂರೇ ಚೂರು ಚಿಮುಕಿಸಿದಾಗ ಆರ್‌ಪಿಎಮ್ ಏರಿಳಿತವಾದರೆ ಅಲ್ಲಿ ಗಾಳಿ ಸೋರುತ್ತಿದೆ. ನಿಮ್ಮ ಪ್ಲಗ್ಗಿನ ಮಾಸಲು ಬಿಳಿ ಬಣ್ಣಕ್ಕೆ ಅದೂ ಕಾರಣವಿರಬಹುದು. ಸ್ಪ್ರೇ ಬೆಂಕಿ ಹಿಡಿಯುವಂಥದ್ದಾದ್ದರಿಂದ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ, ಬಯಲಿನಲ್ಲಿ ನಿಲ್ಲಿಸಿ ಈ ಪರೀಕ್ಷೆ ಮಾಡಿ.

ಫೋಮ್ ಫಿಲ್ಟರ್ ನಮ್ಮ ಭಾಗಕ್ಕೆ ಒಳ್ಳೆಯ ಆಯ್ಕೆ, ಏಕೆಂದರೆ ಕಾಗದದಂತೆ ಮೇಲ್ಮೈಯಲ್ಲಿ ಮಾತ್ರ ಅಲ್ಲದೆ ಅದರ ಇಡೀ ದಪ್ಪದಲ್ಲಿ ಧೂಳು ಹಿಡಿಯುತ್ತದೆ ಮತ್ತು ತೊಳೆದು ಮತ್ತೆ ಬಳಸಬಹುದು. ಹೊರಗೆ ದೊಡ್ಡ ರಂಧ್ರದ ಪದರ, ಒಳಗೆ ಸಣ್ಣ ರಂಧ್ರದ ಪದರ ಇರುವುದನ್ನೇ ಕೊಳ್ಳಿ. ಆದರೆ ಎಣ್ಣೆಯಿಲ್ಲದ ಫೋಮಿಗೆ ಸಣ್ಣ ಧೂಳು ಹಿಡಿಯುವ ಶಕ್ತಿಯಿಲ್ಲ. ಧೂಳನ್ನು ಹಿಡಿಯುವುದು ಎಣ್ಣೆ, ಫೋಮ್ ಅದಕ್ಕೆ ಆಸರೆ ಮಾತ್ರ. ತೊಳೆಯುವಾಗ ಪೆಟ್ರೋಲ್ ಬಳಸಬೇಡಿ, ಅದು ಪದರಗಳ ಅಂಟನ್ನು ಬಿಡಿಸುತ್ತದೆ, ಬೆಂಕಿಯ ಅಪಾಯವೂ ಇದೆ. ಸೀಮೆಎಣ್ಣೆಯಲ್ಲಿ ಅದ್ದಿ ಅಂಗೈಗಳ ನಡುವೆ ಒತ್ತಿ ಒತ್ತಿ ಹಳೆಯ ಎಣ್ಣೆಯನ್ನು ಬಿಡಿಸಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನ ಬೆಚ್ಚಗಿನ ನೀರಿನಲ್ಲಿ ಕೆಂಪು ಬಣ್ಣ ಹೋಗುವವರೆಗೆ ತೊಳೆಯಿರಿ. ಬಟ್ಟೆ ಹಿಂಡಿದಂತೆ ತಿರುಚಿದರೆ ಹೊಲಿಗೆ ಹರಿಯುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಫೋಮ್ ಫಿಲ್ಟರಿಗೆಂದೇ ಸಿಗುವ ಎಣ್ಣೆಯನ್ನು ಹಾಕಿ, ಎಲ್ಲ ಕಡೆ ಒಂದೇ ಬಣ್ಣ ಬರುವಂತೆ ಹಿಚುಕಿ, ಹೆಚ್ಚಾದದ್ದನ್ನು ಒತ್ತಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಕೂರಿಸಿ. ಆ ಎಣ್ಣೆಯಲ್ಲಿರುವ ದ್ರಾವಕ ಆವಿಯಾದ ನಂತರವೇ ಅದು ಅಂಟಾಗುವುದು. ಎಂಜಿನ್ ಆಯಿಲ್ ಹಚ್ಚಿದರೆ ಒಂದೆರಡು ದಿನದಲ್ಲಿ ಕೆಳಗಿಳಿದು ಬಾಕ್ಸಿನ ತಳದಲ್ಲಿ ನಿಲ್ಲುತ್ತದೆ, ಫೋಮಿನ ಮೇಲ್ಭಾಗ ಒಣಗಿಹೋಗುತ್ತದೆ. ಫಿಲ್ಟರಿನ ಅಂಚಿಗೆ ಗ್ರೀಸ್ ಸವರುವುದನ್ನು ಮರೆಯಬೇಡಿ. ಬೇಸಿಗೆಯಲ್ಲಿ ಲಾರಿಗಳ ಹಿಂದೆ ಓಡಿಸುವವರು ಕಂಪನಿ ಹೇಳಿದ ಕಿಲೋಮೀಟರ್ ಲೆಕ್ಕವನ್ನು ನಂಬದೆ ಕಣ್ಣಿನಿಂದ ನೋಡಿ ತೊಳೆಯಬೇಕು. ಗಿಣಿಗೇರಾ ಸುತ್ತ ಓಡಾಡುವವರಿಗೆ ಕಾರ್ಖಾನೆಗಳ ಕರಿ ಧೂಳಿನಿಂದ ಫಿಲ್ಟರ್ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ.

ಬಾಯಿ ದೊಡ್ಡದು ಮಾಡುವ ವಿಷಯ. ರಬ್ಬರ್ ಕೊಳವೆಯನ್ನು ಕೈಯಿಂದ ಕಿತ್ತು ಪಕ್ಕಕ್ಕಿಡಬಹುದಾದರೆ ಅಷ್ಟನ್ನೇ ಮಾಡಿ. ಬೇಡವೆನಿಸಿದರೆ ಮತ್ತೆ ಹಾಕಬಹುದು. ಬಾಕ್ಸಿಗೆ ರಂಧ್ರ ಕೊರೆದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಕೊಳವೆ ತೆಗೆದ ಮೇಲೆ ಮೇನ್ ಜೆಟ್ಟನ್ನು ಒಂದು ಮೆಟ್ಟಿಲು ಏರಿಸಬೇಕಾಗಬಹುದು. ಎಕ್ಸಲರೇಟರಿನ ಮೊದಲ ಕಾಲು ಭಾಗ ಪೈಲಟ್ ಜೆಟ್ಟಿನದು, ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯದು, ಅಲ್ಲಿಂದ ಮೇಲೆ ಮೇನ್ ಜೆಟ್ಟಿನದು. ನಿಮ್ಮ ದೂರು ಪೂರ್ಣ ಎಕ್ಸಲರೇಟರಿನಲ್ಲಿ ಮಾತ್ರ ಇರುವುದರಿಂದ ಮೇನ್ ಜೆಟ್ಟಿನಿಂದಲೇ ಆರಂಭಿಸಿ, ಉಳಿದೆರಡನ್ನು ಸದ್ಯಕ್ಕೆ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಒಂದೇ ಸಮತಟ್ಟಾದ ರಸ್ತೆಯಲ್ಲಿ, ಒಂದೇ ಗೇರಿನಲ್ಲಿ, 40ರಿಂದ 70 ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು ಬೇಕಾಯಿತು ಎಂದು ಎರಡೂ ದಿಕ್ಕಿನಲ್ಲಿ ಅಳೆದು ಬರೆದಿಡಿ. ಕಿವಿಯ ಮಾತನ್ನು ನಂಬಬೇಡಿ.

ನಿಮಗೆ ನಿಜವಾಗಿಯೂ ಏರಿನ ಎಳೆತವೇ ಬೇಕಿದ್ದರೆ ಗಾಳಿಯ ದಾರಿಯನ್ನು ಬಿಟ್ಟು ಸ್ಪ್ರಾಕೆಟ್ ಕಡೆ ನೋಡಿ. ಮುಂದಿನ ಸ್ಪ್ರಾಕೆಟ್ 14 ಹಲ್ಲಿನದಿದ್ದು ಅದನ್ನು 13ಕ್ಕೆ ಇಳಿಸಿದರೆ ಹಿಂದಿನ ಚಕ್ರಕ್ಕೆ ಸಿಗುವ ಎಳೆತ ಪ್ರತಿ ಗೇರಿನಲ್ಲಿಯೂ ಶೇ 7.7ರಷ್ಟು ಹೆಚ್ಚುತ್ತದೆ. ತೋರಣಗಲ್ಲಿನ ರಸ್ತೆಯಲ್ಲಿ ಎಂಜಿನ್ ಸ್ವಲ್ಪ ಹೆಚ್ಚು ತಿರುಗುತ್ತದೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಯಾವ ಪಾಡ್ ಫಿಲ್ಟರೂ ಈ ಖರ್ಚಿನಲ್ಲಿ ಇಷ್ಟು ಎಳೆತ ಕೊಡಲಾರದು, ಧೂಳಿನ ಅಪಾಯವಂತೂ ಇಲ್ಲವೇ ಇಲ್ಲ.

ಗಂಗಾವತಿ ತೋಟ:

ನಮ್ಮದು ಕ್ವಾಡ್ (ನಾಲ್ಕು ಚಕ್ರದ ಬೈಕು), ತೋಟ ಮತ್ತು ಗದ್ದೆಗಳ ಒಳಗೆ ಮಾತ್ರ ಓಡಿಸುತ್ತೇವೆ. ಅಮೆರಿಕದ ಮರಳುದಿಬ್ಬಗಳಲ್ಲಿ ಓಡಿಸುವವರು ಏರ್ ಬಾಕ್ಸಿನ ಮುಚ್ಚಳದಲ್ಲಿ ಮೂರು ಅಂಗುಲ ಚದರದ ಕಿಂಡಿ ಕತ್ತರಿಸುವುದು, ಇಲ್ಲವೇ ಮುಚ್ಚಳವನ್ನೇ ತೆಗೆದು ಫಿಲ್ಟರಿನ ಮೇಲೆ ನೀರು ಹತ್ತದ ತೆಳು ಬಟ್ಟೆಯ ಚೀಲ ತೊಡಿಸುವುದು ಬಹಳ ಬಳಕೆಯಲ್ಲಿದೆ. ಅದನ್ನು ನೋಡಿ ಇಲ್ಲಿಯೂ ಮಾಡಲು ಹೊರಡುವವರಿಗೆ ಎರಡು ಮಾತು ಹೇಳಬೇಕೆನಿಸಿತು.

ನಮ್ಮ ಭತ್ತದ ಕಟಾವಿನ ಕಾಲದಲ್ಲಿ ಯಂತ್ರದ ಹಿಂದೆ ಹಾರುವ ಹುಲ್ಲಿನ ಚೂರು ಮತ್ತು ಸುಂಕು ಮರಳಿನಂತೆ ಕೆಳಗೆ ಬೀಳುವುದಿಲ್ಲ, ಗಾಳಿಯಲ್ಲಿ ತೇಲುತ್ತ ಬಂದು ಫಿಲ್ಟರಿನ ಮೇಲೆ ಕಂಬಳಿಯಂತೆ ಹೊದ್ದುಕೊಳ್ಳುತ್ತದೆ. ಮುಚ್ಚಳವಿಲ್ಲದ ಬಾಕ್ಸ್ ಅರ್ಧ ದಿನದಲ್ಲಿಯೇ ಕಟ್ಟಿಕೊಂಡು ಗಾಡಿ ಉಸಿರುಗಟ್ಟುತ್ತದೆ. ಭತ್ತದ ಹೊಟ್ಟನ್ನು ಸುಟ್ಟಾಗ ಉಳಿಯುವ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುತ್ತದೆ. ರೈಸ್ ಮಿಲ್ಲುಗಳ ಬೂದಿ ಹಾರುವ ಕಡೆ ಅದು ಎಂಜಿನ್ನಿಗೆ ಮರಳಿನಷ್ಟೇ ಕೆಟ್ಟದ್ದು. ನಾವು ಬಾಕ್ಸನ್ನು ಹಾಗೆಯೇ ಉಳಿಸಿಕೊಂಡು, ಅದರ ಬಾಯಿಗೆ ಹೊರಗಿನಿಂದ ಮಾತ್ರ ಸಣ್ಣ ಕಣ್ಣಿನ ಜಾಲರಿಯನ್ನು ಕಟ್ಟಿದ್ದೇವೆ. ಹುಲ್ಲು ಅಲ್ಲಿಯೇ ನಿಲ್ಲುತ್ತದೆ, ಕೈಯಿಂದ ಒರೆಸಿದರೆ ಸಾಕು.

ಎರಡನೆಯದು ಬೆಲ್ಟ್ ಡ್ರೈವ್ ಇರುವ ಕ್ವಾಡುಗಳಿಗೆ ಸಂಬಂಧಿಸಿದ್ದು. ಅವುಗಳಲ್ಲಿ ಎಂಜಿನ್ನಿಗೆ ಒಂದು, ಬೆಲ್ಟಿನ ಕೋಣೆಯನ್ನು ತಂಪಾಗಿಡಲು ಇನ್ನೊಂದು, ಹೀಗೆ ಗಾಳಿಯ ದಾರಿಗಳು ಬೇರೆ ಬೇರೆ. ಎಂಜಿನ್ನಿನ ಸ್ನಾರ್ಕೆಲನ್ನು (ಗಾಳಿ ಎಳೆದುಕೊಳ್ಳುವ ಕೊಳವೆ) ಎತ್ತರಿಸಿ, ಬೆಲ್ಟಿನದನ್ನು ಕೆಳಗೇ ಬಿಟ್ಟರೆ ಹಳ್ಳದಲ್ಲಿ ಎಂಜಿನ್ ಓಡುತ್ತಲೇ ಇರುತ್ತದೆ, ಬೆಲ್ಟು ಮಾತ್ರ ನೆನೆದು ಜಾರಿ ಗಾಡಿ ನೀರಿನ ನಡುವೆ ನಿಂತುಬಿಡುತ್ತದೆ. ಎತ್ತರಿಸುವುದಾದರೆ ಎರಡನ್ನೂ ಒಂದೇ ಎತ್ತರಕ್ಕೆ ತರಬೇಕು.

ಬಳ್ಳಾರಿಯವರು ಕೇಳಿದ ಹಳ್ಳದ ಪ್ರಶ್ನೆಗೆ ಇದೇ ಉತ್ತರ ಮುಂದುವರಿಯುತ್ತದೆ. ಕಂಪನಿಯ ಬಾಕ್ಸಿನ ಬಾಯಿ ಸೀಟಿನ ಕೆಳಗೆ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ಅದಕ್ಕಿಂತ ಒಂದು ಗೇಣು ಕಡಿಮೆ ನೀರಿಗಷ್ಟೇ ಇಳಿಯಿರಿ. ಪಾಡ್ ಹಾಕಿದ್ದರೆ ಆ ಎತ್ತರ ಕಾರ್ಬೊರೇಟರಿನ ಮಟ್ಟಕ್ಕೆ ಇಳಿದುಹೋಗುತ್ತಿತ್ತು, ಮುಂದಿನ ಚಕ್ರ ಎಬ್ಬಿಸುವ ನೀರೂ ಅದಕ್ಕೇ ಹೊಡೆಯುತ್ತಿತ್ತು. ಎಂಜಿನ್ ನೀರು ಕುಡಿದು ನಿಂತರೆ ಸೆಲ್ಫ್ ಒತ್ತಬೇಡಿ. ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲು ಬಾರದಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬೈಕನ್ನು ದಡಕ್ಕೆ ತಳ್ಳಿ, ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಮಾಡಿಕೊಂಡು ಮೇಲಿನ ಗೇರಿನಲ್ಲಿ ಹಿಂದಿನ ಚಕ್ರ ತಿರುಗಿಸಿ ನೀರನ್ನು ಹೊರಹಾಕಿ, ಏರ್ ಬಾಕ್ಸ್ ಒಣಗಿಸಿ, ಆಯಿಲ್ ಹಾಲಿನಂತಾಗಿದೆಯೇ ಎಂದು ನೋಡಿದ ನಂತರವೇ ಸ್ಟಾರ್ಟ್ ಮಾಡಬೇಕು.

ಸಿಂಧನೂರು ರೈಡರ್:

ಇದೇ ಪ್ರಶ್ನೆಯನ್ನು ಹೊಸ ಬಿಎಸ್ 6 (ಹೊಗೆ ನಿಯಂತ್ರಣದ ಮಾನದಂಡ) ಬೈಕಿನವರು ಓದುತ್ತಿದ್ದರೆ ಅವರಿಗಾಗಿ ಒಂದಿಷ್ಟು. ಫ್ಯುಯೆಲ್ ಇಂಜೆಕ್ಷನ್ ಇದೆ, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಸಾಧಾರಣ ವೇಗದಲ್ಲಿ ಒಂದೇ ಸಮನೆ ಹೋಗುವಾಗ ಎಗ್ಸಾಸ್ಟಿನಲ್ಲಿರುವ ಆಮ್ಲಜನಕದ ಸೆನ್ಸರನ್ನು ಕೇಳಿ ಇಸಿಯು ಇಂಧನವನ್ನು ಒಂದು ಮಿತಿಯೊಳಗೆ ಹೆಚ್ಚುಕಡಿಮೆ ಮಾಡುತ್ತದೆ. ಎಕ್ಸಲರೇಟರ್ ಪೂರ್ತಿ ತಿರುಗಿಸಿದಾಗ ಆ ಸೆನ್ಸರಿನ ಮಾತನ್ನು ಬದಿಗಿಟ್ಟು, ಕಂಪನಿಯ ಏರ್ ಬಾಕ್ಸಿಗೆ ಲೆಕ್ಕಹಾಕಿ ಬರೆದ ಕೋಷ್ಟಕದ ಪ್ರಕಾರ ಇಂಧನ ಕೊಡುತ್ತದೆ. ಬಾಕ್ಸ್ ಬದಲಾಗಿದ್ದು ಆ ಕೋಷ್ಟಕಕ್ಕೆ ಗೊತ್ತಿರುವುದಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಫೋಮ್ ಫಿಲ್ಟರ್ ಹಾಕುವುದರಿಂದ ಆ ವಿವರಗಳು ಬದಲಾಗುವುದಿಲ್ಲ. ಆದರೆ ಏರ್ ಬಾಕ್ಸ್ ಕಿತ್ತಾಗ ಹೊಗೆ ಮತ್ತು ಶಬ್ದದ ಮಿತಿ ಮೀರಿದರೆ ಅದು ಬೇರೆಯೇ ಅಪರಾಧ. ವಾರಂಟಿ ಇರುವ ಬೈಕಾದರೆ ಎಂಜಿನ್ನಿನ ಕ್ಲೇಮ್ ತಿರಸ್ಕರಿಸಲು ಅದೊಂದೇ ಕಾರಣ ಸಾಕಾಗುತ್ತದೆ. ಸಂಡೂರಿನ ಅರಣ್ಯದೊಳಗೆ, ದರೋಜಿ ಕರಡಿಧಾಮದ ಸರಹದ್ದಿನಲ್ಲಿ, ಗಣಿ ಪ್ರದೇಶದ ಒಳದಾರಿಗಳಲ್ಲಿ ಅನುಮತಿಯಿಲ್ಲದೆ ಬೈಕ್ ಇಳಿಸುವಂತಿಲ್ಲ ಎಂಬುದನ್ನೂ ಹೊಸಬರು ತಿಳಿದಿರಲಿ.

ಬಳ್ಳಾರಿ ಸವಾರ:

ಎಲ್ಲರ ಉತ್ತರಗಳನ್ನೂ ಓದಿದೆ. ಗ್ರೀಸ್ ಪರೀಕ್ಷೆ ಮಾಡಿದೆ, ಬೂಟಿನ ಕೆಳಭಾಗದಲ್ಲಿ ಕ್ಲಾಂಪಿನ ಪಕ್ಕ ಕೆಂಪು ಗೆರೆಯೊಂದು ಸ್ಪಷ್ಟವಾಗಿ ಮೂಡಿದೆ. ಮಡಿಕೆಯನ್ನು ಬಗ್ಗಿಸಿ ನೋಡಿದಾಗ ಅಲ್ಲಿಯೇ ಉಗುರಿನಷ್ಟು ಉದ್ದದ ಬಿರುಕಿದೆ. ಹೊಸ ಬೂಟು ಮತ್ತು ಹೊಸ ಫಿಲ್ಟರಿಗೆ ಹೇಳಿಟ್ಟಿದ್ದೇನೆ. ಅವು ಬಂದು ಜೋಡಿಸಿದ ಮೇಲೆ ಪ್ಲಗ್ ಬಣ್ಣವನ್ನು ಮತ್ತೆ ನೋಡಿ, ಆಗಲೂ ಬಿಳಿಚಿಕೊಂಡಿದ್ದರೆ ಮೇನ್ ಜೆಟ್ಟನ್ನು ಒಂದು ಮೆಟ್ಟಿಲು ಏರಿಸುತ್ತೇನೆ. ಮಿಸ್ತ್ರಿಯವರೇ, ಮುಂದಿನ ಸ್ಪ್ರಾಕೆಟ್ ಒಂದನ್ನೇ ಬದಲಿಸಿದರೆ ಚೈನಿನ ಉದ್ದ ಕಡಿಮೆ ಮಾಡಬೇಕಾಗುತ್ತದೆಯೇ?

ಕೊಪ್ಪಳ ಮಿಸ್ತ್ರಿ:

ಬೇಕಾಗುವುದಿಲ್ಲ ಸರ್. ಒಂದು ಹಲ್ಲು ಕಡಿಮೆಯಾದರೆ ಚೈನು ಅರ್ಧ ಕೊಂಡಿಯಷ್ಟು ಸಡಿಲವಾಗುತ್ತದೆ, ಹಿಂದಿನ ಚಕ್ರವನ್ನು ಅಡ್ಜಸ್ಟರಿನಲ್ಲಿ ಕಾಲು ಕೊಂಡಿಯಷ್ಟು, ಅಂದರೆ ಮೂರು ಮಿಲಿಮೀಟರಿನಷ್ಟು ಹಿಂದಕ್ಕೆ ಎಳೆದರೆ ಸರಿಹೋಗುತ್ತದೆ. ನಿಮ್ಮ ಚೈನ್ ಸೆಟ್ ಇತ್ತೀಚಿನದಾದ್ದರಿಂದ ಅಡ್ಜಸ್ಟರಿನಲ್ಲಿ ಇನ್ನೂ ಬೇಕಾದಷ್ಟು ಜಾಗವಿರುತ್ತದೆ. ಚೈನಿನ ಸಡಿಲವನ್ನು ನೀವು ಸೀಟಿನ ಮೇಲೆ ಕುಳಿತಿರುವಾಗ ಇನ್ನೊಬ್ಬರಿಂದ ನೋಡಿಸಿ, ಏಕೆಂದರೆ ಇಂಥ ಬೈಕುಗಳಲ್ಲಿ ಸಸ್ಪೆನ್ಷನ್ ಉದ್ದವಾಗಿರುವುದರಿಂದ ಸೈಡ್ ಸ್ಟ್ಯಾಂಡಿನಲ್ಲಿ ಸರಿಯಾಗಿ ಕಂಡ ಚೈನು ಭಾರ ಬಿದ್ದಾಗ ಬಿಗಿಯಾಗುತ್ತದೆ. ಬೂಟು ಬಂದ ಮೇಲೆ ಕ್ಲಾಂಪಿನ ಸ್ಕ್ರೂವನ್ನೂ ಹೊಸದು ಹಾಕಿ, ಹಳೆಯದರ ಥ್ರೆಡ್ ಹೋಗಿರುವ ಸಂಭವ ಹೆಚ್ಚು.